ಚುರಮುರಿಯ ಬೀಗರು

ನಮ್ಮ ಮನೆಗೆ ಮೊದಲ ಸಲ ಬೀಗರು ಬಂದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಅಣ್ಣತಮ್ಮಂದಿರಾಗಲಿ, ಅಕ್ಕತಂಗಿಯರಾಗಲಿ ನನಗಿಲ್ಲ. ಮನೆಯಲ್ಲಿದ್ದದ್ದು ನಾನು, ನನ್ನ ಅಪ್ಪ, ಒಂದು ಹೊಲಿಗೆ ಯಂತ್ರ ಮತ್ತು ಚುರಮುರಿ. ಚುರಮುರಿ ನಮ್ಮ ನಾಯಿ. ಬಿಳಿ ಮೈ, ಅಲ್ಲಲ್ಲಿ ಹುರಿಯುವಾಗ ಸೀದುಹೋದಂಥ ಕಂದು ಚುಕ್ಕೆ. ಅದಕ್ಕೇ ಆ ಹೆಸರು. ಅವಳು ನಾಲ್ಕು ಮರಿ ಹಾಕಿದಳು. ಹದಿಮೂರನೆಯ ದಿನ ಮರಿಗಳು ಕಣ್ಣು ಬಿಟ್ಟವು. ಅಪ್ಪ ಊರಿನ ಪದ್ಧತಿಯಂತೆ ಸ್ನಾನ ಮಾಡಿ, ಮಡಿ ಧೋತರ ಉಟ್ಟು, ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಓಣಿ ಓಣಿ ನಡೆದ. ನಮ್ಮೂರಿನ ಮರಿಗಳು ಕಣ್ಣು ಬಿಟ್ಟ ದಿನ ತಮ್ಮ ಅಪ್ಪನ ಮನೆಯ ಮುಂದೆ ಬಂದಾಗ ಬಾಲ ಆಡಿಸುತ್ತವೆ. ಬೇರೆ ಯಾರ ಮನೆಯ ಮುಂದೆಯೂ ಆಡಿಸುವುದಿಲ್ಲ. ಎರಡು ಮರಿ ರೇಷನ್ ಅಂಗಡಿಯ ಕೊಟ್ರಪ್ಪನ ಬಾಗಿಲಲ್ಲಿ ಬಾಲ ಆಡಿಸಿದವು. ಅಪ್ಪ ಬುಟ್ಟಿ ಇಳಿಸಬೇಕೆಂದವನು ಉಳಿದೆರಡು ಮರಿ ಸುಮ್ಮನೆ ಮಲಗಿರುವುದನ್ನು ಕಂಡು ಮತ್ತೆ ಎತ್ತಿಕೊಂಡು ಹೊರಟ. ಅವು ಮೂರು ಓಣಿ ದಾಟಿದ ಮೇಲೆ, ಹೈಸ್ಕೂಲಿನ ಡ್ರಿಲ್ ಮಾಸ್ತರರ ಕಟ್ಟೆಯ ಮುಂದೆ ಬಾಲ ಆಡಿಸಿದವು. ಒಂದೇ ಸೂಲು, ಇಬ್ಬರು ಅಪ್ಪಂದಿರು. ನಾಯಿಗಳಲ್ಲಿ ಹೀಗೂ ಆಗುವುದುಂಟು ಎಂದು ಎಷ್ಟೋ ದಿನದ ಮೇಲೆ ದನದ ದವಾಖಾನೆಯ ಡಾಕ್ಟರಬಾಯಿ ಹೇಳಿದರು. ಆವತ್ತು ನಮಗೆ ತಿಳಿದದ್ದು ಇಷ್ಟೇ: ಒಂದೇ ದಿನ ಎರಡು ಮನೆಯ ಬೀಗರಿಗೆ ಹೋಳಿಗೆ ಮಾಡಬೇಕು.

ನಮ್ಮೂರಲ್ಲಿ ನಾಯಿಗಳು ಕೂಡಿ ಮರಿಯಾದರೆ ಆ ಎರಡು ಮನೆಗಳು ಬೀಗರು. ಗಂಡು ನಾಯಿ ಸಾಕಿದವರು ಗಂಡಿನ ಕಡೆಯವರು, ಹೆಣ್ಣು ನಾಯಿ ಸಾಕಿದವರು ಹೆಣ್ಣಿನ ಕಡೆಯವರು. ಗಂಡಿನ ಕಡೆಯವರು ಬಂದರೆ ಕಾಲಿಗೆ ನೀರು ಕೊಡಬೇಕು, ಹಾಸಿದ ಜಮಖಾನೆಯ ಮೇಲೆ ಕೂಡಿಸಬೇಕು, ಅವರು ಏನಂದರೂ ತಲೆ ತಗ್ಗಿಸಿ ಹೂಂ ಎನ್ನಬೇಕು. ಕೊಟ್ರಪ್ಪ ಮೊದಲ ದಿನವೇ ಹೂರಣಕ್ಕೆ ಯಾಲಕ್ಕಿ ಸಾಲದು ಎಂದ. ಡ್ರಿಲ್ ಮಾಸ್ತರರು ತಮ್ಮನ್ನು ಎರಡನೆಯವರಾಗಿ ಕರೆದದ್ದಕ್ಕೆ ಮುನಿಸಿಕೊಂಡು ಒಳಗೆ ಬರದೆ ಹೊರಗಿನ ಕಟ್ಟೆಯ ಮೇಲೆಯೇ ಕೂತು ಉಂಡರು. ಉಂಡದ್ದು ಒಂಬತ್ತು ಹೋಳಿಗೆ. ಅಪ್ಪ ಎರಡೂ ಕಡೆ ಓಡಾಡಿ ತುಪ್ಪ ಬಡಿಸುತ್ತ, ಯಾವ ತಪ್ಪಿಗೆಂದು ಗೊತ್ತಿಲ್ಲದೆ ಎಲ್ಲರ ಕ್ಷಮೆ ಕೇಳುತ್ತಿದ್ದ. ಚುರಮುರಿ ಮಾತ್ರ ಮಂಚದ ಕೆಳಗೆ ಮರಿಗಳಿಗೆ ಹಾಲು ಕುಡಿಸುತ್ತ ಆರಾಮಾಗಿ ಮಲಗಿದ್ದಳು.

ಇಷ್ಟೇ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಆದರೆ ಎರಡು ಮನೆಗಳ ನಡುವೆ ಒಂದೇ ಬೀಗತನ ಇರಬೇಕು ಎಂಬುದೂ ಊರ ಕಟ್ಟಳೆ. ನಾಯಿಗಳಿಂದ ಆದ ಮೇಲೆ ಮನುಷ್ಯರಿಂದ ಆಗಕೂಡದು. ಆದ್ದರಿಂದ ನಮ್ಮೂರ ಅಪ್ಪಂದಿರು ಮಗಳ ಕಣ್ಣು ಒಲ್ಲದ ಮನೆಯತ್ತ ಹೋಯಿತೆಂದು ಗೊತ್ತಾದರೆ ಬೈಯುವುದಿಲ್ಲ, ಕೋಣೆಯಲ್ಲಿ ಕೂಡಿಹಾಕುವುದಿಲ್ಲ. ಸುಮ್ಮನೆ ನಾಯಿಯ ಸರಪಳಿ ಬಿಚ್ಚುತ್ತಾರೆ. ನನ್ನ ಜೊತೆ ಹೊಲಿಗೆ ಕಲಿತ ಶಿವಗಂಗಾ ಎರಡು ವರ್ಷ ಒಬ್ಬನಿಗಾಗಿ ಕಾದಳು. ಕೊನೆಗೆ ಅವನ ಮನೆಯಿಂದ ಬುಟ್ಟಿಯಲ್ಲಿ ಆರು ಮರಿ ಬಂದವು. ಅವು ಅವಳ ಮನೆಯ ಹೊಸ್ತಿಲಲ್ಲಿ ಬಾಲ ಆಡಿಸುವಾಗ ಅವಳು ಬಾಗಿಲ ಹಿಂದೆ ನಿಂತಿದ್ದಳಂತೆ.

ನನಗೆ ಮೂವತ್ತೊಂದು ಮುಗಿದಿತ್ತು. ಇನ್ನು ನನ್ನ ಪಾಡಿಗೆ ನಾನು ಎಂದುಕೊಂಡಿದ್ದಾಗ ಬೇಕರಿಯ ಅಡಿವೆಪ್ಪ ಅಂಗಿಯ ಮೇಲೆ ಕಟ್ಟಿಕೊಳ್ಳುವ ಏಪ್ರನ್ ಹೊಲಿಸಲು ಬಂದ. ಒಲೆಯ ಉರಿಗೆ ಅವನ ಎಡಗಡೆಯ ಹುಬ್ಬು ಅರ್ಧ ಸುಟ್ಟಿತ್ತು. ಅದರಿಂದ ಅವನು ಯಾವಾಗಲೂ ಏನೋ ಕೇಳಬೇಕೆಂದು ಬಂದು ಮರೆತವನಂತೆ ಕಾಣುತ್ತಿದ್ದ. ಮೊದಲ ವಾರ ಒಂದು ಏಪ್ರನ್ ಹೊಲಿಸಿದ. ಎರಡನೆಯ ವಾರ ಇನ್ನೊಂದು. ಐದನೆಯದಕ್ಕೆ ಅಳತೆ ಕೊಡಲು ನಿಂತಾಗ ನಾನೇ ಕೇಳಿದೆ, "ಒಬ್ಬ ಮನಷ್ಯಾಗ ಎಷ್ಟು ಏಪ್ರನ್ ಬೇಕ್ರಿ?"

ಅಡಿವೆಪ್ಪ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಆಮೇಲೆ, "ನಿಮ್ಮ ಚುರಮುರಿ ಇನ್ನ ಯಾವಾಗ ಬೆದಿಗೆ ಬರ್ತಾಳ?" ಎಂದ.

ಬೇರೆ ಊರಿನಲ್ಲಿ ಒಬ್ಬ ಗಂಡಸು ಹೆಣ್ಣುಮಗಳನ್ನು ಹೀಗೆ ಕೇಳಿದರೆ ಕಪಾಳಕ್ಕೆ ಬೀಳುತ್ತದೆ. ನಮ್ಮೂರಲ್ಲಿ ಇದಕ್ಕಿಂತ ತಿಳಿಯಾಗಿ ಮದುವೆಯ ಮಾತು ಎತ್ತಲು ಬರುವುದಿಲ್ಲ. ನನ್ನ ಕಿವಿ ಬಿಸಿಯಾದವು. "ಇನ್ನ ಒಂದ ತಿಂಗಳಿಗೆ ಬರಬಹುದು" ಎಂದೆ. ಅವನು ಖಾರಾ ಬಿಸ್ಕತ್ತಿನ ಪೊಟ್ಟಣವನ್ನು ಯಂತ್ರದ ಮೇಲಿಟ್ಟು, "ಹಂಗಾರ ಜ್ವಾಕಿ ಮಾಡೂಣು" ಎಂದು ಹೊರಟುಹೋದ. ಅಳತೆ ಕೊಡುವುದನ್ನು ಮರೆತೇಬಿಟ್ಟಿದ್ದ.

ಜೋಪಾನ ಮಾಡಬೇಕಾದದ್ದು ಅವನ ಮನೆಯ ಸರದಾರನಿಂದ. ಸರದಾರ ಊರಿಗೇ ದೊಡ್ಡ ನಾಯಿ. ಒಂಬತ್ತು ಮನೆಯ ಅಳಿಯ. ಅವನನ್ನು ಸಾಕಿದವಳು ಅಡಿವೆಪ್ಪನ ಅಕ್ಕ ಚಂಪಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು, ತಮ್ಮನನ್ನು ಬೆಳೆಸಿ, ಬೇಕರಿ ನಿಲ್ಲಿಸಿದ ಹೆಂಗಸು. ಊರಿನ ಯಾವ ಪಂಕ್ತಿಯಲ್ಲಾದರೂ ಮೊದಲ ಎಲೆ ಅವಳದು, ಯಾಕೆಂದರೆ ಒಂಬತ್ತು ಮನೆಗೆ ಗಂಡಿನ ಕಡೆಯವಳು. ಅವಳು ಬೀದಿಯಲ್ಲಿ ಹೊರಟರೆ ಸರದಾರ ಬೆನ್ನ ಮೇಲೆ ಕೆಂಪು ಮಖಮಲ್ಲಿನ ಜೂಲು ಹೊದ್ದು ಪಕ್ಕದಲ್ಲಿ ನಡೆಯುತ್ತಿದ್ದ. ಆ ಜೂಲು ಹೊಲಿದವಳು ನಾನೇ. ಅಂಥ ಅಕ್ಕನಿಗೆ ಹೆಣ್ಣು ನಾಯಿಯ ಮನೆಯವಳು, ಅದೂ ಈಗಾಗಲೇ ಎರಡು ಮನೆಯ ಕಾಲಿಗೆ ನೀರು ಕೊಟ್ಟವಳು, ತಮ್ಮನ ಹೆಂಡತಿಯಾಗಿ ಬೇಕಿರಲಿಲ್ಲ. ಬಾಯಿಬಿಟ್ಟು ಬೇಡವೆನ್ನಲಿಲ್ಲ. ನನ್ನನ್ನು ಕಂಡಾಗಲೆಲ್ಲ, "ನಿಮ್ಮ ಚುರಮುರಿ ಭಾಳ ಚೆಂದ ಐತಿ ಬಿಡವಾ" ಎನ್ನುತ್ತಿದ್ದಳು. ಅದನ್ನು ಕೇಳಿದ ದಿನ ನಾನು ಹಿತ್ತಲಿನ ಬಾಗಿಲ ಅಗಳಿಯನ್ನು ಎರಡೆರಡು ಸಲ ನೋಡಿ ಬರುತ್ತಿದ್ದೆ.

ಹಿಂದಿನ ವರ್ಷ ಊರಿಗೆ ಹೊಸದಾಗಿ ದನದ ಡಾಕ್ಟರು ಬಂದಿದ್ದರು. ಮೆಹರುನ್ನೀಸಾ ಎಂದು ಹೆಸರು, ದಕ್ಷಿಣದ ಕಡೆಯವರು. ಅವರ ದವಾಖಾನೆಯ ಗೋಡೆಯ ಮೇಲೆ ನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಲಾಗುವುದು ಎಂದು ಬರೆಸಿದ್ದರು. ಅದನ್ನು ಓದಿದ ಮೇಲೆ ಜನ ಅವರಿಗೆ ಬೀಗತನ ಕೊಯ್ಯೋ ಡಾಕ್ಟರಬಾಯಿ ಎಂದು ಹೆಸರಿಟ್ಟು, ಎಮ್ಮೆಗಳನ್ನು ಮಾತ್ರ ಕರೆದುಕೊಂಡು ಹೋಗುತ್ತಿದ್ದರು. ಚುರಮುರಿ ಬೆದೆಗೆ ಬಂದ ಮರುದಿನ ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಹಿಂಬಾಗಿಲಿನಿಂದ ಹೋದೆ.

ಡಾಕ್ಟರಬಾಯಿ ಚಹಾ ಕುಡಿಯುತ್ತ ಎಲ್ಲ ಕೇಳಿದರು. "ಆಪರೇಷನ್ ಅಂದ್ರೆ ಗರ್ಭಕೋಶ, ಅಂಡಾಶಯ ಎರಡೂ ತೆಗೆದುಬಿಡ್ತೀವಿ. ಒಂದೆರಡು ದಿನ ಮಂಕಾಗಿರ್ತಾಳೆ. ಹತ್ತು ಹನ್ನೆರಡು ದಿನಕ್ಕೆ ಹೊಲಿಗೆ ಬಿಚ್ಚೋದು. ಆಮೇಲೆ ಬೆದೆಯೂ ಇಲ್ಲ, ಮರಿಯೂ ಇಲ್ಲ. ಆದರೆ ಈಗ ಬೇಡ. ಬೆದೆಯಲ್ಲಿದ್ದಾಗ ಕೊಯ್ದರೆ ರಕ್ತ ಜಾಸ್ತಿ ಹೋಗತ್ತೆ. ಮೂರು ವಾರ ಮನೆಯೊಳಗೇ ಇಟ್ಕೊಳ್ಳಿ, ಬಾಗಿಲು ಹಾಕಿ. ಎರಡು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ."

"ಬೆದಿ ನಿಲ್ಲಸೂ ಇಂಜೆಕ್ಷನ್ ಇರ್ತೈತಿ ಅಂತಾರಲ್ರಿ ಬಾಯಾರ?"

"ಇರತ್ತೆ. ನಾನು ಕೊಡಲ್ಲ. ಎಷ್ಟೋ ನಾಯಿಗಳಿಗೆ ಗರ್ಭಕೋಶದೊಳಗೆ ಕೀವು ತುಂಬಿಬಿಡತ್ತೆ. ಇಪ್ಪತ್ತು ದಿನ ತಡ್ಕೊಳ್ಳೋಕಾಗಲ್ವಾ?"

ತಡೆದುಕೊಳ್ಳುತ್ತೇನೆ ಎಂದು ಬಂದೆ. ಬಂದವಳೇ ಹಳೆಯ ಲಂಗದ ಬಟ್ಟೆಯಲ್ಲಿ ಚುರಮುರಿಗೆ ಚಡ್ಡಿ ಹೊಲಿದೆ. ಬಾಲಕ್ಕೆ ಕಾಜು, ಸೊಂಟಕ್ಕೆ ಲಾಡಿ, ಒಳಗೆ ಎರಡು ಪದರ. ನಾನು ಹೊಲಿದ ಬಟ್ಟೆಗಳಲ್ಲಿ ಅದರಷ್ಟು ನಾಜೂಕಿನದು ಇನ್ನೊಂದಿಲ್ಲ. ಚುರಮುರಿ ಅದನ್ನು ತೊಟ್ಟು ಒಂದು ಹೊತ್ತು ಅವಮಾನದಿಂದ ಗೋಡೆ ನೋಡಿಕೊಂಡು ನಿಂತಳು. ಮೂರನೆಯ ದಿನಕ್ಕೆ ಅದನ್ನು ಹರಿದು ಚಿಂದಿ ಮಾಡಿ ಅಪ್ಪನ ಚಪ್ಪಲಿಯೊಳಗೆ ತುರುಕಿದ್ದಳು. ಹೊರಗೆ ನಮ್ಮ ಕಟ್ಟೆಯ ಮುಂದೆ ಏಳು ನಾಯಿ ಕೂತಿದ್ದವು. ಅಪ್ಪ ವಾಸನೆ ಮುಚ್ಚಲೆಂದು ಹೊಸ್ತಿಲಿಗೆ ಬೇವಿನೆಣ್ಣೆ ಸುರಿದ. ನಾಯಿಗಳು ಹೋಗಲಿಲ್ಲ, ಹೊಲಿಸಲು ಬರುತ್ತಿದ್ದ ಹೆಂಗಸರು ಬರುವುದು ಬಿಟ್ಟರು. ಐದನೆಯ ದಿನ ಹಿತ್ತಲಿನ ಗೋಡೆಯ ಆಚೆ ಕೆಂಪು ಮಖಮಲ್ಲು ಸರಿದಾಡಿದಂತೆ ಕಂಡಿತು. ನನ್ನ ಧೈರ್ಯ ಉಡುಗಿತು. ಔಷಧ ಅಂಗಡಿಯ ಕಂಪೌಂಡರನನ್ನು ಕರೆಸಿ ಇಂಜೆಕ್ಷನ್ ಕೊಡಿಸಿದೆ. ಅಪ್ಪನಿಗೆ ಹೇಳಲಿಲ್ಲ. ಅಡಿವೆಪ್ಪನಿಗೂ ಹೇಳಲಿಲ್ಲ.

ಇಂಜೆಕ್ಷನ್ ಹೇಳಿದಂತೆಯೇ ಕೆಲಸ ಮಾಡಿತು. ನಾಲ್ಕು ದಿನಕ್ಕೆ ಕಟ್ಟೆ ಖಾಲಿಯಾಯಿತು. ಡಾಕ್ಟರಬಾಯಿಗಿಂತ ನಾನೇ ಶಾಣ್ಯಾಳಾದೆ ಎಂದು ಒಳಗೊಳಗೇ ಹಿಗ್ಗಿದೆ. ಅಡಿವೆಪ್ಪ ಆರನೆಯ ಏಪ್ರನ್ ಹೊಲಿಸಿದ. ಶ್ರಾವಣ ಮುಗಿದ ಮೇಲೆ ಅಕ್ಕನನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತೇನೆಂದ.

ಐದಾರು ವಾರ ಕಳೆದಿರಬಹುದು. ಚುರಮುರಿಯ ಹೊಟ್ಟೆ ದಪ್ಪವಾಗಿ ಕಂಡಿತು. ಮೊದಲು ನೋಡಿದವನು ಕೊಟ್ರಪ್ಪ. "ಏನ್ರಿ ಬೀಗರ, ಮತ್ತ ಹೋಳಿಗಿ ಐತೇನು?" ಎಂದು ಬೀದಿಯಲ್ಲಿ ನಿಂತು ಕೂಗಿದ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಯಾರ ನಾಯಿ ಎಂದು ಎಲ್ಲರೂ ಲೆಕ್ಕ ಹಾಕುತ್ತಿರುವಾಗ ಚಂಪಕ್ಕ ಬೇಕರಿಯ ಗಲ್ಲೆಯ ಹಿಂದೆ ಕೂತು, ಪಾವು ಬ್ರೆಡ್ಡು ಕಟ್ಟುತ್ತ, ಎಲ್ಲರಿಗೂ ಕೇಳುವಂತೆ ಹೇಳಿದಳಂತೆ: "ಯಾರದಂತ ಏನ್ ಕೇಳ್ತೀರಿ. ಆ ವಾರ ನಮ್ಮ ಸರದಾರ ಅವರ ಹಿತ್ತಲ ಗ್ವಾಡಿ ಹಾರಿದ್ದು ನಾನ ಕಣ್ಣಾರೆ ನೋಡೀನಿ."

ಮರುದಿನ ಬೆಳಿಗ್ಗೆ ಚಂಪಕ್ಕ ನಮ್ಮ ಮನೆಗೆ ಬಂದಳು. ಇಳಕಲ್ ಸೀರೆ, ತಲೆತುಂಬ ಸೆರಗು, ಪಕ್ಕದಲ್ಲಿ ಜೂಲು ಹೊದ್ದ ಸರದಾರ. ಅಪ್ಪ ಕಾಲಿಗೆ ನೀರು ಕೊಟ್ಟ. ಅವಳು ಜಮಖಾನೆಯ ಮೇಲೆ ಕೂತು, "ಮರಿ ಕಣ್ಣು ಬಿಡೂತನಕ ಕಾಯೂದೇನೈತಿ. ಇವತ್ತಿಂದ ನಾವು ಬೀಗರ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಬ್ಯಾಸರ ಮಾಡ್ಕೋಬ್ಯಾಡವಾ ಕಸ್ತೂರಿ. ಹಣ್ಯಾಗ ಇದ್ದಂಗ ಆಕ್ಕೈತಿ" ಎಂದಳು. ನಾನು ಚಹಾ ತರುತ್ತೇನೆಂದು ಒಳಗೆ ಹೋಗಿ ಹಿಟ್ಟಿನ ಡಬ್ಬದ ಪಕ್ಕ ಕೂತು ಅತ್ತೆ. ನಾನು ಹೇಳುವುದಾದರೂ ಏನು? ಇಂಜೆಕ್ಷನ್ ಕೊಡಿಸಿದ್ದೆ ಎಂದರೆ, ಅದಕ್ಕೂ ಮೊದಲು ನಾಯಿ ಹಾರಿತ್ತು ಎನ್ನುತ್ತಾಳೆ. ನಾನೇ ಮಖಮಲ್ಲು ಕಂಡಿದ್ದೆನಲ್ಲ.

ಅಡಿವೆಪ್ಪ ಆ ಸಂಜೆ ಬಂದು ನಮ್ಮ ಬಾಗಿಲಲ್ಲಿ ನಿಂತ. ಬೀಗರಾದ ಮೇಲೆ ಅವನು ಒಳಗೆ ಬಂದರೆ ನಾನು ಎದುರಿಗೆ ಬರಬಾರದು. ಹೊಸ್ತಿಲ ಆಚೆ ಅವನು, ಈಚೆ ನಾನು. ಅವನು ನನ್ನನ್ನು ನೋಡಲಾರದೆ ಚುರಮುರಿಯನ್ನೇ ನೋಡುತ್ತಿದ್ದ. ಅವಳು ಬಾನಿಯಲ್ಲಿ ಮುಖ ಹಾಕಿ ನೀರು ಕುಡಿಯುತ್ತಿದ್ದಳು. ಕುಡಿದು ಮುಗಿಸಿ ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದು ಕುಡಿದಳು. ಅವನು ಇಟ್ಟ ಬಿಸ್ಕತ್ತನ್ನು ಮೂಸಿಯೂ ನೋಡಲಿಲ್ಲ.

"ಇಕಿ ಯಾವಾಗಿಂದ ಹಿಂಗ ನೀರು ಕುಡ್ಯಾಕತ್ತಾಳ?" ಎಂದ.

"ಮೂರ ನಾಕ ದಿನಾ ಆತು. ಬಸರಿ ಅಂತ ನಾನೂ..." ಎಂದೆ. ಅಷ್ಟರಲ್ಲಿ ಚುರಮುರಿ ನಿಂತಲ್ಲೇ ಕುಸಿದು ಕೂತಳು. ಅವಳು ಕೂತ ಜಾಗದಲ್ಲಿ ನೆಲ ಒದ್ದೆಯಾಗಿತ್ತು. ಅದು ಉಚ್ಚೆಯಲ್ಲ, ರಕ್ತವಲ್ಲ. ಕೆಟ್ಟ ವಾಸನೆ. ಡಾಕ್ಟರಬಾಯಿ ಹೇಳಿದ ಕೀವು ಎಂಬ ಶಬ್ದ ನನ್ನ ಕಿವಿಯಲ್ಲಿ ಬಡಿಯಿತು.

ಅವತ್ತು ದವಾಖಾನೆಯ ಬಾಗಿಲು ಹಾಕಿತ್ತು, ಡಾಕ್ಟರಬಾಯಿ ಪಕ್ಕದ ಹಳ್ಳಿಗೆ ಹೋಗಿದ್ದರು. ಬೆಳಗಾಗುತ್ತಲೇ ಅಡಿವೆಪ್ಪ ಬೇಕರಿಯ ತಳ್ಳುಗಾಡಿ ತಂದ. ಪಾವಿನ ಟ್ರೇ ತೆಗೆದು ಗೋಣಿಚೀಲ ಹಾಸಿ ಚುರಮುರಿಯನ್ನು ಮಲಗಿಸಿದೆವು. ಅಪ್ಪ ಒಂದು ಕೈ ಅವಳ ಮೇಲಿಟ್ಟುಕೊಂಡು ಗಾಡಿಯ ಪಕ್ಕ ಓಡುತ್ತ ಬಂದ. ಡಾಕ್ಟರಬಾಯಿ ಹೊಟ್ಟೆ ಮುಟ್ಟಿ ನೋಡಿ, ಜ್ವರ ನೋಡಿ, ವಸಡು ಒತ್ತಿ ನೋಡಿದರು. ನನ್ನ ಮುಖ ನೋಡಿದರು. "ಇಂಜೆಕ್ಷನ್ ಕೊಡಿಸಿದ್ರಿ, ಅಲ್ವಾ?"

ಅಪ್ಪನ ಎದುರಿಗೆ, ಅಡಿವೆಪ್ಪನ ಎದುರಿಗೆ, ಹೌದು ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮರಿ ಇಲ್ಲ, ಏನೂ ಇಲ್ಲ. ಗರ್ಭಕೋಶದ ತುಂಬ ಕೀವು. ಈಗಲೇ ತೆಗೀಬೇಕು. ಮಧ್ಯಾಹ್ನ ಆದ್ರೆ ನಾನು ಯಾವ ಭರವಸೆಯೂ ಕೊಡಲ್ಲ" ಎಂದು ಕಾಲಿಗೆ ಸಲೈನ್ ಹಚ್ಚಿದರು.

ಆದರೆ ಆಪರೇಷನ್ ಕೋಣೆಯ ಕೀಲಿ ಅವರ ಹತ್ತಿರ ಇರಲಿಲ್ಲ. ಆ ಕೋಣೆಯನ್ನು ಊರಿನವರು ಕಟ್ಟಿಸಿಕೊಟ್ಟದ್ದು. ನಾಯಿಗಳ ಬೀಗತನದ ನ್ಯಾಯ ಹೇಳುವ ಬೀಗರ ಕಟ್ಟೆಯ ಯಜಮಾನ ಸಂಗನಬಸಪ್ಪ ಅದರ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದ, ತಾನಿಲ್ಲದೆ ಯಾವ ನಾಯಿಯೂ ಒಳಗೆ ಹೋಗಬಾರದೆಂದು. ಅಡಿವೆಪ್ಪ ಓಡಿಹೋಗಿ ಕರೆತಂದ. ಜೊತೆಗೆ ಅರ್ಧ ಊರೂ ಬಂತು. ಚಂಪಕ್ಕನೂ ಸರದಾರನನ್ನು ಹಿಡಿದುಕೊಂಡು ಬಂದಳು.

ಸಂಗನಬಸಪ್ಪ ಚುರಮುರಿಯ ಹೊಟ್ಟೆಯನ್ನು ದೂರದಿಂದಲೇ ನೋಡಿ ತಲೆಯಾಡಿಸಿದ. "ಹೊಟ್ಟ್ಯಾಗ ಬೀಗತನ ಐತಿ. ಕತ್ತರಿ ಹಚ್ಚೂ ಹಂಗಿಲ್ರಿ ಬಾಯಾರ."

"ಒಳಗೆ ಮರಿ ಇಲ್ಲ ಅಂತ ಹೇಳ್ತಿದೀನಲ್ಲ ಯಜಮಾನರೇ."

"ನಿಮಗ ಒಳಗಿಂದು ಕಾಣಸ್ತೈತೇನ್ರಿ? ಗಂಡಿನ ಕಡ್ಯಾರು ಕಣ್ಣಾರೆ ನೋಡ್ಯಾರ."

ಡಾಕ್ಟರಬಾಯಿ ಚಂಪಕ್ಕನ ಕಡೆ ತಿರುಗಿದರು. ಅವರ ದನಿ ಬಹಳ ಮೆತ್ತಗಿತ್ತು. "ಚಂಪಕ್ಕ ಅವರೇ, ನಿಮಗೆ ಕೊಟ್ಟ ಮಾತು ನಾನಾಗಿ ಮುರಿಯಲ್ಲ. ಅರ್ಧ ಗಂಟೆ ಕಾಯ್ತೀನಿ. ಆಮೇಲೆ ಬೀಗ ಒಡೆದು ಒಳಗೆ ಹೋಗ್ತೀನಿ, ನೌಕರಿ ಹೋದ್ರೂ ಪರವಾಗಿಲ್ಲ. ಆದರೆ ಈ ನಾಯಿಗೆ ಆ ಅರ್ಧ ಗಂಟೆ ಇದೆಯೋ ಇಲ್ಲವೋ ಗೊತ್ತಿಲ್ಲ."

ಏನು ಮಾತು, ಯಾವಾಗ ಕೊಟ್ಟದ್ದು, ಯಾರಿಗೂ ತಿಳಿಯಲಿಲ್ಲ. ಚಂಪಕ್ಕ ಸರದಾರನ ಜೂಲನ್ನು ಕೆಳಗೆ ಜಗ್ಗಿದಳು. "ನಾ ಒಪ್ಪೀನಿ. ಕೊಯ್ರಿ" ಎಂದಳು.

"ನೀವು ಒಪ್ಪಿದ್ರ ಆಗೂದಿಲ್ಲ ಚಂಪಕ್ಕಾರ. ಮರಿ ಬರೇ ನಿಮ್ಮವೇನು?" ಎಂದ ಸಂಗನಬಸಪ್ಪ.

ಆಗ ನಾನು ಅವಳ ಹತ್ತಿರ ಹೋದೆ. ಜಗಳ ಮಾಡಬೇಕೆಂದು ಹೋದವಳು ಏನು ಹೇಳಿದೆನೋ ನನಗೇ ಆಶ್ಚರ್ಯ. "ಚಂಪಕ್ಕಾರ, ಲಗ್ನ ಬ್ಯಾಡ. ನಿಮ್ಮ ತಮ್ಮನ ಕಡೆ ನಾ ಇನ್ನ ನೋಡೂದಿಲ್ಲ. ನನ್ನ ಚುರಮುರಿ ಉಳೀಲಿ. ಆ ಇಂಜೆಕ್ಷನ್ ಕೊಡಿಸಿದಾಕಿ ನಾನು. ನಿಮಗ ಏನರ ಗೊತ್ತಿದ್ರ ಹೇಳ್ರಿ."

ಅವಳು ಗಾಡಿಯ ಮೇಲೆ ಮಲಗಿದ್ದ ಚುರಮುರಿಯನ್ನು ನೋಡಿದಳು. ನಾಲಗೆ ಹೊರಗೆ ಚಾಚಿತ್ತು, ಪಕ್ಕೆ ಬೇಗ ಬೇಗ ಏರಿಳಿಯುತ್ತಿತ್ತು. ಸರದಾರ ಮುಂದೆ ಬಂದು ಗಾಡಿಯ ಅಂಚಿಗೆ ಮೂಗು ಹಚ್ಚಿ ಒಂದು ಸಲ ಕುಂಯ್ ಎಂದ.

"ಸರದಾರ ಗ್ವಾಡಿತನಕ ಬಂದಿದ್ದ, ಹಾರಿಲ್ಲ" ಎಂದಳು ಚಂಪಕ್ಕ.

"ನೀವ ನೋಡೀನಿ ಅಂದ್ರಿ" ಎಂದ ಯಜಮಾನ.

"ಸುಳ್ಳ ಹೇಳಿದ್ನಿ."

"ಈಗ ಹೇಳೂದು ಖರೇ ಅನ್ನಾಕ ಏನು ಖಾತ್ರಿ?" ಎಂದ ಸಂಗನಬಸಪ್ಪ. ಕಟ್ಟೆಯ ಯಜಮಾನನಾದವನು ಹಾಗೆ ಕೇಳಲೇಬೇಕು.

ಚಂಪಕ್ಕ ಮೊಣಕಾಲೂರಿ ಕೂತಳು. ಸರದಾರನ ಹೊಟ್ಟೆಯ ಕೆಳಗಿನ ಗಂಟು ಬಿಚ್ಚಿದಳು, ಎದೆಯ ಗಂಟು ಬಿಚ್ಚಿದಳು, ಕೆಂಪು ಜೂಲನ್ನು ಎಳೆದು ಮಡಿಲಲ್ಲಿ ಹಾಕಿಕೊಂಡಳು. ಆಮೇಲೆ ಸರದಾರನ ಬಾಲ ಹಿಡಿದು ಮೇಲೆತ್ತಿದಳು. ದೀಪಾವಳಿಯ ಹೊತ್ತಿಗೆ ಆ ಜೂಲಿನ ಹಿಂಭಾಗವನ್ನು ಇನ್ನೂ ಒಂದು ಗೇಣು ಇಳಿಬಿಡು, ಇನ್ನೂ ಒಂದು ಗೇಣು ಇಳಿಬಿಡು ಎಂದು ಅವಳು ಮೂರು ಸಲ ಬಿಚ್ಚಿಸಿ ಹೊಲಿಸಿದ್ದು ಯಾಕೆಂದು ನನಗೆ ಆಗ ತಿಳಿಯಿತು. ಸಂಗನಬಸಪ್ಪ ಕಿಸೆಯಿಂದ ಚಷ್ಮಾ ತೆಗೆದು ಹಾಕಿಕೊಂಡು ಬಗ್ಗಿ ನೋಡಿದ. ಒಂಬತ್ತು ಮನೆಯ ಅಳಿಯನ ಹಿಂದೆ ಇರಬೇಕಾದದ್ದು ಇರಲಿಲ್ಲ. ಸರದಾರ ಕೊರಳು ಹೊರಳಿಸಿ, ಇವರೆಲ್ಲ ಏನು ಹುಡುಕುತ್ತಿದ್ದಾರೆ ಎಂಬಂತೆ ತಾನೂ ಹಿಂದೆ ನೋಡಿಕೊಂಡ.

"ಬೀಜ ತಗಿಸೀನಿ. ಹೋದ ದೀಪಾವಳಿಗಿಂತ ಮೊದಲ, ಇದ ದವಾಖಾನ್ಯಾಗ, ರಾತ್ರಿ, ಹೊರಗಿನ ಮೇಜಿನ ಮ್ಯಾಲೆ. ಗಂಡಿಂದು ಸಣ್ಣ ಕೆಲಸ, ಆ ಖೋಲಿ ಬೇಕಾಗಲಿಲ್ಲ" ಎಂದಳು ಚಂಪಕ್ಕ. ಅವಳು ನೆಲ ನೋಡುತ್ತ ಮಾತಾಡುತ್ತಿದ್ದಳು. "ಯಾವ ಓಣ್ಯಾಗ ಹೆಣ್ಣು ಬೆದಿಗೆ ಬಂದ್ರೂ ಇಂವ ಓಡಿ ಹೋಗ್ತಿದ್ದ. ದಸರಾದಾಗ ಎಂಟು ದಿನಾ ಬರಲಿಲ್ಲ. ನಾ ಊರ ಹೊರಗಿನ ಕಾಲವಿ, ಕಲ್ಲಿನ ಕ್ವಾರಿ ಎಲ್ಲಾ ಹುಡುಕಿ ಬಂದ್ನಿ. ಒಂಬತ್ತನೇ ದಿನಾ ಬಂದ. ಕಿವಿ ಹರಿದಿತ್ತು, ಹಿಂದಿನ ಕಾಲು ಊರಾಕ ಆಗವಲ್ದಾಗಿತ್ತು. ನನ್ನ ಕಾಲ್ಮ್ಯಾಗ ತಲಿ ಇಟ್ಟು ಬಿದ್ದ. ಆವತ್ತ ನನಗ ಯಾವ ಬೀಗರೂ ಬ್ಯಾಡಾದ್ರು. ಮೊದಲನೇ ಎಲಿ ಬ್ಯಾಡಾತು. ನಾಯಿ ಇದ್ರ ಸಾಕನಿಸ್ತು." ಮಡಿಲಲ್ಲಿದ್ದ ಜೂಲನ್ನು ಮಡಿಚಿದಳು. "ಆಮ್ಯಾಲೆ, ಆರಾಮಾದ ಮ್ಯಾಲೆ, ಎಲಿ ಬ್ಯಾಡ ಅನಾಕ ಧೈರ್ಯಾ ಬರಲಿಲ್ಲ. ಕಸ್ತೂರಿ ನಮ್ಮ ಮನಿಗೆ ಬಂದ್ರ ಮೊದಲನೇ ದಿನಾನ ಜೂಲ ಕೆಳಗ ನೋಡ್ತಾಳ ಅಂತ ಹಂಗ ಹೇಳಿದ್ನಿ. ಮರಿ ಕಣ್ಣು ಬಿಟ್ಟ ದಿನಾ ಏನಾಕ್ಕೈತಿ ಅಂತ ವಿಚಾರನ ಮಾಡಲಿಲ್ಲ."

ಡ್ರಿಲ್ ಮಾಸ್ತರರು ಕೆಮ್ಮಿದರು. ಸಂಗನಬಸಪ್ಪ ಎದ್ದು ನಿಂತು ಉಡದಾರ ಬಿಚ್ಚತೊಡಗಿದ. ಕೀಲಿಯ ಗಂಟು ಎಷ್ಟೋ ದಿನದ್ದು, ಬಿಚ್ಚಲು ಬರಲಿಲ್ಲ. ನನ್ನ ಸೊಂಟದಲ್ಲಿದ್ದ ಕತ್ತರಿಯಿಂದ ನಾನೇ ಆ ದಾರ ಕತ್ತರಿಸಿ ಕೀಲಿಯನ್ನು ಡಾಕ್ಟರಬಾಯಿಯ ಕೈಗಿಟ್ಟೆ. ಯಜಮಾನ ಒಂದು ಕೈಯಿಂದ ಧೋತರ ಹಿಡಿದುಕೊಂಡು ಅವಸರದಿಂದ ಮನೆಗೆ ಹೋದ.

ಆಪರೇಷನ್ ಎರಡು ತಾಸು ನಡೆಯಿತು. ಅಪ್ಪ ಜಗುಲಿಯ ಒಂದು ತುದಿಯಲ್ಲಿ, ಅಡಿವೆಪ್ಪ ಇನ್ನೊಂದು ತುದಿಯಲ್ಲಿ, ನಡುವೆ ನಾನು. ಚಂಪಕ್ಕ ಮೆಟ್ಟಿಲ ಮೇಲೆ ಸರದಾರನ ಬೆನ್ನಿಗೆ ಕೈಯಿಟ್ಟು ಕೂತಿದ್ದಳು. ಒಮ್ಮೆ ಎದ್ದು ಬಂದು, ನನ್ನ ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟು ಹೋಗಿ ಮತ್ತೆ ಅಲ್ಲೇ ಕೂತಳು. ಕೊನೆಗೆ ಡಾಕ್ಟರಬಾಯಿ ಹಣೆ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಗಟ್ಟಿ ನಾಯಿ" ಎಂದರು, ಅಷ್ಟೇ. ಒಳಗೆ ಹೋಗಿ ನೋಡಿದೆ. ಚುರಮುರಿ ಇನ್ನೂ ಅಮಲಿನಲ್ಲಿದ್ದಳು. ಹೊಟ್ಟೆಯ ಮೇಲೆ ಒಂದು ಗೇಣು ಹೊಲಿಗೆ. ಹದಿನೈದು ವರ್ಷದಿಂದ ಹೊಲಿಯುತ್ತಿರುವ ನನಗೂ ಅಷ್ಟು ಸಣ್ಣ, ಅಷ್ಟು ಸಮ ಹೊಲಿಗೆ ಬರುವುದಿಲ್ಲ.

ಎರಡು ದಿನ ಅವಳು ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಅಡಿವೆಪ್ಪ ತಂದ ಬೆಣ್ಣೆ ಬಿಸ್ಕತ್ತು ತಿಂದಳು. ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ಕಿನ ಬಟ್ಟಲನ್ನು ಡಾಕ್ಟರಬಾಯಿ ಕೊಟ್ಟಿದ್ದರು. ಅವಳು ಅದನ್ನು ಬಾಗಿಲಿಗೆ, ಮಂಚಕ್ಕೆ, ಅಪ್ಪನ ಮೊಣಕಾಲಿಗೆ ತಾಗಿಸಿಕೊಂಡು ಗೋಳಾಡಿದ್ದರಿಂದ, ನಾನು ಮೆತ್ತನೆಯ ಬಟ್ಟೆಯಲ್ಲಿ ಹೊಟ್ಟೆ ಮುಚ್ಚುವ ಅಂಗಿ ಹೊಲಿದೆ. ಅದನ್ನು ಹರಿಯಲಿಲ್ಲ. ಅಪ್ಪ ನನ್ನ ಜೊತೆ ನಾಲ್ಕು ದಿನ ಸರಿಯಾಗಿ ಮಾತಾಡಲಿಲ್ಲ. ಐದನೆಯ ದಿನ, "ಇನ್ನ ಮ್ಯಾಲೆ ನನ್ನ ಕೇಳಿ ಔಷಧ ಹಾಕು, ಆಕಿಗೂ, ನನಗೂ" ಎಂದ. ಅಡಿವೆಪ್ಪ ದಿನವೂ ಬಂದು ಹೋಗುತ್ತಿದ್ದ. ಆದರೆ ನಾನು ಅಷ್ಟು ಜನರ ಎದುರಿಗೆ ಲಗ್ನ ಬೇಡವೆಂದಿದ್ದೆ. ಆ ಮಾತನ್ನು ಹಿಂದಕ್ಕೆ ಪಡೆಯುವುದು ಹೇಗೆಂದು ನನಗೆ ತಿಳಿಯದು, ಅವನಿಗೆ ಕೇಳಲು ಬಾಯಿ ಬಾರದು. ಏಪ್ರನ್ ಹೊಲಿಸುವುದನ್ನೂ ನಿಲ್ಲಿಸಿಬಿಟ್ಟಿದ್ದ.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಲು ಹೋದಾಗ ದವಾಖಾನೆಯ ಜಗುಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹನ್ನೊಂದು ನಾಯಿ. ಅವುಗಳಲ್ಲಿ ಆರನ್ನು ಹಿಡಿದು ನಿಂತವರು ಮದುವೆಯ ವಯಸ್ಸಿನ ಹುಡುಗ ಹುಡುಗಿಯರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಉಳಿದ ಐದು ಗಂಡು ನಾಯಿಗಳ ಮೇಲೆ ಶಾಲು, ಪಂಜೆ, ಒಂದರ ಮೇಲೆ ಕಿಟಕಿಯ ಪರದೆ ಹೊದಿಸಿತ್ತು. ಕೊಟ್ರಪ್ಪ ತನ್ನ ನಾಯಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ತಾನು ಎಮ್ಮೆಯ ಔಷಧಕ್ಕೆ ಬಂದದ್ದೆಂದು ಎಲ್ಲರಿಗೂ ಹೇಳುತ್ತಿದ್ದ. ಜಗುಲಿಯ ನಡುವೆ ಸ್ಟೂಲಿನ ಮೇಲೆ ಚಂಪಕ್ಕ ಕೂತಿದ್ದಳು. ಸರದಾರ ಬರಿಮೈಯಲ್ಲಿ ಅವಳ ಕಾಲ ಬಳಿ ಮಲಗಿದ್ದ. ಅವಳು ಅಲ್ಲಿಗೆ ಯಾಕೆ ಬಂದಳೋ ನನಗೆ ತಿಳಿಯಲಿಲ್ಲ. ಆದರೆ ಕೇಳಿದವರಿಗೆಲ್ಲ ಉತ್ತರ ಕೊಡುತ್ತಿದ್ದಳು.

"ಆದ ದಿನಾ ಅನ್ನ ಹಾಕಬ್ಯಾಡ್ರಿ, ವಾಂತಿ ಮಾಡ್ತಾವ. ಗಂಡಾದ್ರ ಮಾಡಿಸಿದ ಮ್ಯಾಲೂ ಒಂದ ತಿಂಗಳ ಕಟ್ಟಿ ಹಾಕ್ರಿ, ಮೊದಲಿಂದು ಇನ್ನ ಉಳಿದಿರ್ತೈತಂತ. ದಪ್ಪ ಆಕ್ಕಾವ ಅಂತೀರಿ? ಊಟ ಸ್ವಲ್ಪ ಕಡಿಮಿ ಹಾಕ್ರಿ. ಮನಿ ಕಾಯೂದು ಬಿಡೂದಿಲ್ಲ. ನಮ್ಮವಾ ಮೊನ್ನಿ ಹಾಲಿನವನ್ನ ಓಣಿತನಕ ಬೆನ್ನಟ್ಟಿದ."

ನಾನು ಚುರಮುರಿಯನ್ನು ಎತ್ತಿಕೊಂಡು ಒಳಗೆ ಹೋದೆ. ಅಡಿವೆಪ್ಪ ಹಿಂದಿನಿಂದ ಬಂದು ಬಾಗಿಲಲ್ಲಿ ನಿಂತ. ಡಾಕ್ಟರಬಾಯಿ ಅವಳನ್ನು ಮೇಜಿನ ಮೇಲೆ ಮಲಗಿಸಿ, ತಲೆ ಹಿಡಿದುಕೊಳ್ಳಲು ನನಗೆ ಹೇಳಿ, ಸಣ್ಣ ಕತ್ತರಿಯಿಂದ ಹೊಲಿಗೆ ಒಂದೊಂದಾಗಿ ಕತ್ತರಿಸತೊಡಗಿದರು. ಹೊರಗಿನ ಮಾತು ತೆರೆದ ಬಾಗಿಲಿನಿಂದ ಕೇಳುತ್ತಿತ್ತು.

"ಎಲ್ಲಾರೂ ಹಿಂಗ ಮಾಡಿಸಿಕೋತ ಹೋದ್ರ ಮನಿಗಳ ನಡುವ ಬೀಗತನ ಹೆಂಗ ಆಗಬೇಕ್ರಿ ಚಂಪಕ್ಕಾರ?" ಕೊಟ್ರಪ್ಪನ ದನಿ.

"ಮಂದಿ ಅದೀವಲ್ಲ" ಎಂದಳು ಚಂಪಕ್ಕ. "ನಾಯಿ ಮ್ಯಾಲೆ ಎಷ್ಟಂತ ಹಾಕೂದು? ಸೋಮವಾರ ನಾ ನಮ್ಮ ಅಡಿವೆಪ್ಪಗ ಹೆಣ್ಣು ಕೇಳಾಕ ಹೊಂಟೀನಿ. ನೀವೂ ಬರ್ರಿ, ಹೆಣ್ಣಿನ ಮನಿಗೆ ನೀವೂ ಬೀಗರ ಅದೀರಿ."

"ಯಾರ ಮನಿ ಹೆಣ್ಣ್ರಿ?"

ಚಂಪಕ್ಕ ಗದ್ದದಿಂದ ನಮ್ಮ ಬಾಗಿಲ ಕಡೆ ತೋರಿಸಿರಬೇಕು. ಜಗುಲಿಯಲ್ಲಿ ಇದ್ದವರೆಲ್ಲ ಒಮ್ಮೆಲೇ ಒಳಗೆ ಇಣುಕಿದರು. ಬಾಗಿಲಲ್ಲಿ ನಿಂತಿದ್ದ ಅಡಿವೆಪ್ಪ, ಅರ್ಧ ಹುಬ್ಬು ಮೇಲೇರಿಸಿಕೊಂಡು, ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಹಿಸುಕುತ್ತಿದ್ದ. ಪುಡಿ ಅವನ ಚಪ್ಪಲಿಯ ಮೇಲೆ ಉದುರುತ್ತಿತ್ತು.

"ಅಲ್ಲಾಡಬಾರದು. ಒಂದೇ ಹೊಲಿಗೆ ಉಳಿದಿರೋದು" ಎಂದರು ಡಾಕ್ಟರಬಾಯಿ, ಕತ್ತರಿಯಿಂದ ಕಣ್ಣು ತೆಗೆಯದೆ.

ಚುರಮುರಿ ಅಲ್ಲಾಡಿರಲಿಲ್ಲ. ಅಲ್ಲಾಡಿದವಳು ನಾನು; ಅವಳ ತಲೆ ಹಿಡಿದುಕೊಂಡೇ ಅಡಿವೆಪ್ಪನ ಕಡೆ ತಿರುಗಿ ನೋಡಿದ್ದೆ.